ನಾಲ್ಕನೆಯ ಗೇಟಿನ ಚುಕ್ಕೆ

ಹೊಸ ಗ್ರಾಫಿಕ್ಸ್ ಕಾರ್ಡುಗಳಿಗೆ ಒಂದು ಚಾಳಿಯಿದೆ. ಯಾವ ಪರದೆಗೆ ಜೋಡಿಸಿದರೂ ಚಿತ್ರ ಕಳಿಸುವ ಮೊದಲು ನೀನು ಯಾರು, ನಿನ್ನ ಉದ್ದಗಲವೆಷ್ಟು, ಸೆಕೆಂಡಿಗೆ ಎಷ್ಟು ಸಲ ಮಿನುಗಬಲ್ಲೆ ಎಂದು ವಿಚಾರಿಸುತ್ತವೆ. ಉತ್ತರ ಬಂದರೆ ಚಿತ್ರ, ಬಾರದಿದ್ದರೆ ಕತ್ತಲೆ. ಹೆಣ್ಣು ನೋಡಲು ಬಂದ ಬೀಗರು ಕೂಡ ಇಷ್ಟು ಖಡಾಖಂಡಿತವಾಗಿ ಕೇಳುವುದಿಲ್ಲ. ಅಂಥದೊಂದು ಕಾರ್ಡನ್ನು, ತನ್ನ ಹೆಸರನ್ನೂ ಹೇಳಲಾರದ ಒಂದು ಹಳೆಯ ಮಾನಿಟರಿಗೆ ಜೋಡಿಸಲು ನಾನು ಒಂಬತ್ತು ದಿನ ಹೆಣಗಿದ್ದೆ.

ನನ್ನ ಹೆಸರು ನೀಲಗಂಗಾ, ಮನೆತನದ ಹೆಸರು ಅಂಗಡಿ. ಧಾರವಾಡದ ಒಂದು ಪುಟ್ಟ ಪ್ರಯೋಗಾಲಯದಲ್ಲಿ ಕೆಲಸ. ಈಗ ಪರದೆ ಅಂದರೆ ಗೋಡೆಗೆ ಅಂಟಿಸುವ ತೆಳು ಹಾಳೆ. ಹೊಸ ಕಾರ್ಡುಗಳು ಯಾವ ಚಿತ್ರ ಕೊಟ್ಟರೂ ತಿದ್ದಿ ತೀಡಿ ಚಂದ ಮಾಡಿಯೇ ತೋರಿಸುತ್ತವೆ. ಹೀಗಾಗಿ ಮೂವತ್ತು ನಲವತ್ತು ವರ್ಷದ ಹಿಂದಿನ ಎಕ್ಸ್-ರೇ, ಭೂಪಟ, ಸೀರೆಯ ವಿನ್ಯಾಸ ಆಗಿನ ಜನರ ಕಣ್ಣಿಗೆ ನಿಜಕ್ಕೂ ಹೇಗೆ ಕಂಡಿತ್ತು ಎಂದು ತಿಳಿಯಬೇಕಾದವರು ನಮ್ಮಲ್ಲಿಗೆ ಬರುತ್ತಾರೆ. ನಾವು ಹಳೆಯ ಪರದೆಗಳನ್ನು ರಿಪೇರಿ ಮಾಡಿ, ಅವುಗಳ ಮೇಲೆಯೇ ಆ ಚಿತ್ರಗಳನ್ನು ತೋರಿಸುತ್ತೇವೆ. ನಾವು ಅಂದರೆ ಇಬ್ಬರೇ. ಮುಖ್ಯಸ್ಥೆ ಶಮೀಮ್ ನದಾಫ್ ಮೇಡಂ, ಮತ್ತು ನಾನು.

ಆ ಶ್ರಾವಣದಲ್ಲಿ ಒಂದು ಕಂಪನಿಯವರು ತಮ್ಮ ಹೊಸ ಕಾರ್ಡನ್ನು ಹದಿನೈದು ದಿನಗಳ ಮಟ್ಟಿಗೆ ಪರೀಕ್ಷೆಗೆ ಕೊಟ್ಟರು. ಅದರ ವಿಶೇಷವೆಂದರೆ ಸವಕಳಿ ನಕ್ಷೆ. ಯಾವ ಪರದೆಯೇ ಆಗಲಿ, ಬೆಳಗಿ ಬೆಳಗಿ ಸವೆಯುತ್ತದೆ. ಹೆಚ್ಚು ಹೊತ್ತು ಬೆಳಗಿದ ಚುಕ್ಕೆ ಹೆಚ್ಚು ಮಂಕಾಗುತ್ತದೆ. ಈ ಕಾರ್ಡು ಪರದೆಯ ಎದುರಿಗೆ ಒಂದು ಕ್ಯಾಮೆರಾ ಇಟ್ಟುಕೊಂಡು ಲಕ್ಷಗಟ್ಟಲೆ ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಯಾವುದು ಎಷ್ಟು ಸವೆದಿದೆ ಎಂದು ನಕ್ಷೆ ಬರೆದುಕೊಳ್ಳುತ್ತದೆ. ಆಮೇಲೆ ಸವೆದ ಕಡೆ ಬೆಳಕನ್ನು ಅಷ್ಟೇ ಹೆಚ್ಚಿಸಿ ಕಳಿಸುತ್ತದೆ. ಮುದಿ ಪರದೆ ಹರೆಯದ್ದಾಗಿ ಕಾಣುತ್ತದೆ.

ಕಂಪನಿಯವರಿಗೆ ಬೇಕಾದದ್ದು ಹರೆಯ. ನನ್ನ ತಲೆಗೆ ಹೊಕ್ಕಿದ್ದು ಬೇರೆ. ಸವಕಳಿಯ ನಕ್ಷೆ ಅಂದರೆ ಆ ಪರದೆ ಜೀವಮಾನವಿಡೀ ಏನನ್ನು ತೋರಿಸಿತೋ ಅದರ ಗುರುತೇ ಅಲ್ಲವೇ? ತಿದ್ದಿದ ಚಿತ್ರದ ಬದಲು ಆ ನಕ್ಷೆಯನ್ನೇ ತೋರಿಸು ಎಂದು ಕಾರ್ಡಿಗೆ ಹೇಳಿದರೆ? ಹಾಗೆ ಕೇಳಬೇಕಾದ ಒಂದು ಮಾನಿಟರು ನಮ್ಮ ಮನೆಯಲ್ಲೇ ಇತ್ತು. ಸಜ್ಜಾದ ಮೇಲೆ, ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ, ಮೂವತ್ತು ವರ್ಷಗಳಿಂದ.

ಅದು ಕಾಗಿಹಳ್ಳ ಜಲಾಶಯದ ಕಂಟ್ರೋಲ್ ರೂಮಿನದು. ನಮ್ಮಪ್ಪ ಮುರಿಗೆಪ್ಪ ಅಲ್ಲಿ ಗೇಟ್ ಆಪರೇಟರ್ ಆಗಿದ್ದ. ಆ ಮಾನಿಟರಿನಲ್ಲಿ ಹಗಲು ರಾತ್ರಿ ಒಂದೇ ಚಿತ್ರ: ಮೇಲೆ ಗಡಿಯಾರ, ಎಡಕ್ಕೆ ನೀರಿನ ಮಟ್ಟದ ಕಂಬ, ನಡುವೆ ಐದು ಗೇಟುಗಳ ಐದು ಚುಕ್ಕೆ. ಗೇಟು ಮುಚ್ಚಿದ್ದರೆ ಹಸಿರು, ತೆರೆದಿದ್ದರೆ ಕೆಂಪು. ದಿನದ ಮೊದಲ ಗೇಟು ತೆರೆಯುವ ಮುನ್ನ ಮೂರು ಸಲ ಸೈರನ್ ಹೊಡೆದು ಅರ್ಧ ಗಂಟೆ ಕಾಯಬೇಕು. ಆಗಲೇ ಒಂದು ಗೇಟು ತೆರೆದಿದ್ದರೆ ಸೈರನ್ ಬೇಕಿಲ್ಲ, ಏಕೆಂದರೆ ಹೊಳೆ ಹರಿಯುತ್ತಿರುವಾಗ ಪಾತ್ರದಲ್ಲಿ ಯಾರೂ ಇರುವುದಿಲ್ಲ.

ನನಗೆ ಎಂಟು ವರ್ಷವಾಗಿದ್ದಾಗ, ಖಂಡೇನವಮಿಯ ದಿನ, ಮಧ್ಯಾಹ್ನ ಕಂಟ್ರೋಲ್ ರೂಮಿನಲ್ಲಿ ಆಯುಧ ಪೂಜೆ ಮುಗಿಸಿ, ಹೋಳಿಗೆ ಉಂಡು, ಅಪ್ಪ ನಾಲ್ಕು ಗಂಟೆಗೆ ಪಾಳಿಗೆ ಹೋದ. ಹಿಂದಿನ ಪಾಳಿಯವನು ಹಬ್ಬಕ್ಕೆಂದು ಲಾಗ್ ಪುಸ್ತಕ ಬರೆಯದೆ ಊರಿಗೆ ಹೋಗಿಬಿಟ್ಟಿದ್ದ. ಐದರ ಹೊತ್ತಿಗೆ ಮೇಲಿನಿಂದ ಒಮ್ಮೆಲೇ ನೀರು ನುಗ್ಗಿ ಬಂತು. ಅಪ್ಪ ಪರದೆ ನೋಡಿದ. ನಾಲ್ಕನೆಯ ಗೇಟಿನ ಚುಕ್ಕೆ ಕೆಂಪಗಿತ್ತು. ಸರಿ, ಒಂದು ಗೇಟು ಆಗಲೇ ತೆರೆದಿದೆ ಎಂದುಕೊಂಡು ಸೈರನ್ ಹೊಡೆಯದೆ ಉಳಿದವನ್ನು ಎತ್ತಿದ.

ನಾಲ್ಕನೆಯ ಗೇಟು ತೆರೆದಿರಲೇ ಇಲ್ಲ. ಹೊಳೆ ಬತ್ತಿತ್ತು. ಪಾತ್ರದಲ್ಲಿ ಉಳಿದಿದ್ದ ಮಡುವಿನಲ್ಲಿ ಪೂಜೆಗೆಂದು ಟ್ರ್ಯಾಕ್ಟರ್ ತೊಳೆಯುತ್ತಿದ್ದ ಮೂವರಲ್ಲಿ ಇಬ್ಬರು ದಡ ಹತ್ತಿದರು. ಫಕೀರಪ್ಪ ಎನ್ನುವ ಇಪ್ಪತ್ತಾರು ವರ್ಷದವನು ಹತ್ತಲಿಲ್ಲ.

ವಿಚಾರಣೆ ನಡೆಯಿತು. ಗೇಟಿನ ಮೋಟರಿನ ದಾಖಲೆಯಲ್ಲಿ ನಾಲ್ಕನೆಯದು ಅಂದು ಅಲುಗಾಡಿಯೇ ಇರಲಿಲ್ಲ. ಅಪ್ಪ ಮಾತ್ರ ತಾನು ಕೆಂಪು ನೋಡಿದೆ ಎಂಬ ಒಂದೇ ಮಾತಿಗೆ ಅಂಟಿಕೊಂಡ. ಯಾಕೆ ಕೆಂಪು ಕಂಡಿತು ಎಂದರೆ ಬಾಯಿ ಬಿಡಲಿಲ್ಲ. ಸೈರನ್ ಮರೆತು ಕಥೆ ಕಟ್ಟುತ್ತಿದ್ದಾನೆ ಎಂದು ವರದಿ ಬರೆದು ಕೆಲಸದಿಂದ ತೆಗೆದರು. ಊರಲ್ಲಿ ಅವನಿಗೆ 'ಕೆಂಪು ಕಂಡಾವ' ಎಂಬ ಹೆಸರು ಬಿತ್ತು. ಹಳೆಯ ಸಾಮಾನು ಹರಾಜಾದಾಗ ಅಪ್ಪ ಹೋಗಿ ಆ ಮಾನಿಟರನ್ನೇ ಕೊಂಡು ತಂದ. ರೇಗಿ ಜಗಳಕ್ಕೆ ಬಂದ ಅವ್ವನಿಗೂ ಕಾರಣ ಹೇಳಲಿಲ್ಲ. ಆಮೇಲೆ ಧಾರವಾಡಕ್ಕೆ ಬಂದು ಮೋಟರ್ ವೈಂಡಿಂಗ್ ಅಂಗಡಿ ಇಟ್ಟು ನಮ್ಮನ್ನು ಸಾಕಿದ.

ಒಂದು ಬೆಳಿಗ್ಗೆ ಮಾತ್ರ ನನಗೆ ಅಚ್ಚಳಿಯದೆ ನೆನಪಿದೆ. ನಾವಿನ್ನೂ ಕಾಗಿಹಳ್ಳದ ಕ್ವಾರ್ಟರ್ಸಿನಲ್ಲೇ ಇದ್ದೆವು. ಫಕೀರಪ್ಪನ ಹೆಂಡತಿ ಯಲ್ಲವ್ವ ನಮ್ಮ ಬಾಗಿಲಿಗೆ ಬಂದಳು. ಅಳಲಿಲ್ಲ, ಬೈಯಲಿಲ್ಲ. "ಸೈರನ್ ಯಾಕ ಹೊಡಿಲಿಲ್ರಿ?" ಎಂದಷ್ಟೇ ಕೇಳಿದಳು. ಅಪ್ಪ ತಲೆ ತಗ್ಗಿಸಿ ನಿಂತ. ಅವಳು ಇನ್ನೊಮ್ಮೆ ಕೇಳಿ, ಉತ್ತರಕ್ಕೆ ಕಾದು, ಹೋದಳು. ಬಾಗಿಲ ಹಿಂದೆ ನಿಂತಿದ್ದ ನನಗೆ ಅಪ್ಪ ಯಾಕೆ ಏನೂ ಹೇಳುವುದಿಲ್ಲ ಎಂದು ಸಿಟ್ಟು ಬಂದಿತ್ತು. ಆ ಸಿಟ್ಟು ಮೂವತ್ತೊಂದು ವರ್ಷವಾದರೂ ಪೂರ್ತಿ ಇಳಿದಿರಲಿಲ್ಲ. ನಮ್ಮಪ್ಪ ಸುಳ್ಳುಗಾರನೋ ಅಲ್ಲವೋ ಎಂದು ನನಗೆ ತಿಳಿಯಬೇಕಿತ್ತು. ಅವನ ಜೊತೆ ಒಂದೇ ಮನೆಯಲ್ಲಿದ್ದು, ಅವ್ವ ಹೋದ ಮೇಲೆ ಅವನ ಕೈಯ ಜೋಳದ ರೊಟ್ಟಿಯನ್ನೇ ತಿಂದುಕೊಂಡು, ಅದೊಂದು ಮಾತ್ರ ತಿಳಿದಿರಲಿಲ್ಲ.

ಕಾರ್ಡಿನ ವಿಷಯ ಹೇಳಿ ಮಾನಿಟರ್ ಕೊಡು ಎಂದೆ. ಸಂಜೆ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದವನು ಕೈ ನಿಲ್ಲಿಸಿದ.

"ಅದನ್ನ ಮುಟ್ಟಬ್ಯಾಡ ನೀಲಾ. ಸತ್ತ ಸಾಮಾನು ಅದು."

ಅದರಲ್ಲಿ ಅವನು ಹೇಳಿದ ಕೆಂಪಿನ ಗುರುತು ಸಿಗಬಹುದು, ಅವನ ಮಾತು ನಿಜವೆಂದು ತೋರಿಸಬಹುದು ಎಂದು ಸಮಾಧಾನವಾಗಿ ಬಿಡಿಸಿ ಹೇಳಿದೆ. ಕೇಳಿ, ಯಾರಿಗೆ ತೋರಿಸುವುದಿದೆ ಈಗ ಎಂದು ಶೇಂಗಾ ಬುಟ್ಟಿ ಎತ್ತಿಕೊಂಡು ಒಳಗೆ ಹೋದ. ನಾನು ಸುಮ್ಮನಿರುವವಳಲ್ಲ. ಹುಣ್ಣಿಮೆಗೆ ಅಪ್ಪ ಮಠಕ್ಕೆ ಹೋದದ್ದೇ ತಡ, ಸಜ್ಜಾದಿಂದ ಅದನ್ನು ಇಳಿಸಿ, ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಪ್ರಯೋಗಾಲಯಕ್ಕೆ ಒಯ್ದೆ. ತೊಡೆ ಎರಡು ದಿನ ನೋಯುತ್ತಿತ್ತು. ಆ ಕಾಲದ ಮಾನಿಟರುಗಳ ಮುಖ ದಪ್ಪ ಗಾಜು, ಹಿಂದೆ ಒಂದು ಮೊಳ ಉದ್ದದ ಡುಬ್ಬ.

ಸಂಜೆ ಮನೆಗೆ ಬಂದಾಗ ಅಪ್ಪ ಖಾಲಿ ಸಜ್ಜಾ ನೋಡಿದ್ದ. ಬೈಯಲಿಲ್ಲ. ಹಸಿವಿಲ್ಲ ಎಂದು ಮಲಗಿದ. ಮರುದಿನದಿಂದ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ, ಪರದೆ ಬೆಳಗಿತೇ ಎಂಬ ಒಂದೇ ಪ್ರಶ್ನೆ ಶುರುವಾಯಿತು.

"ಹತ್ತಿತೇನು?"

"ಇನ್ನೂ ಇಲ್ಲಪಾ."

"ಹಂಗಾರ ಬಿಟ್ಟಬಿಡು." ಹಾಗೆನ್ನುವಾಗ ಅವನ ದನಿ ಸಣ್ಣಗಾಗುತ್ತಿತ್ತು. ಪಾಪ, ಒಳಗೊಳಗೇ ಆಸೆಯಿದೆ, ಹತ್ತದಿದ್ದುದಕ್ಕೆ ಬೇಜಾರು ಎಂದು ನಾನು ತಿಳಿದೆ.

ಹತ್ತದಿರಲು ಕಾರಣಗಳು ಸಾಕಷ್ಟಿದ್ದವು. ಹೊಸ ಕಾರ್ಡಿನಲ್ಲಿ ಇರುವುದು ಚಿತ್ರವನ್ನು ಬೆಳಕಾಗಿ ಸಾಗಿಸುವ ತಂತಿಗೆಂದು ಮಾಡಿದ, ಕಡ್ಡಿಯಷ್ಟು ಸಣ್ಣ ತೂತು. ಮಾನಿಟರಿನಿಂದ ಹೊರಬಂದಿದ್ದು ಹದಿನೈದು ಪಿನ್ನುಗಳ ನೀಲಿ ಪ್ಲಗ್ಗು. ಇದು ಅಂಕಿಗಳಲ್ಲಿ ಮಾತಾಡುತ್ತದೆ, ಅದಕ್ಕೆ ವಿದ್ಯುತ್ತಿನ ಏರಿಳಿತ ಮಾತ್ರ ತಿಳಿಯುತ್ತದೆ. ನಡುವೆ ದುಭಾಷಿ ಬೇಕು. ಹುಬ್ಬಳ್ಳಿಯ ಗುಜರಿಯಲ್ಲಿ ಎರಡು ದಿನ ಅಲೆದು ಬೆಂಕಿಪೊಟ್ಟಣದಷ್ಟು ದೊಡ್ಡ ಎರಡು ಪರಿವರ್ತಕ ಹುಡುಕಿದೆ. ಒಂದು ಬೆಳಕನ್ನು ಹಳೆಯ ಡಿಜಿಟಲ್ ಸಂಕೇತ ಮಾಡುತ್ತದೆ, ಇನ್ನೊಂದು ಆ ಸಂಕೇತವನ್ನು ಏರಿಳಿತ ಮಾಡುತ್ತದೆ. ಎರಡನ್ನೂ ಸಾಲಾಗಿ ಜೋಡಿಸಿದೆ.

ಮಾನಿಟರಿಗೆ ಒಮ್ಮೆಲೇ ಪೂರ್ತಿ ವಿದ್ಯುತ್ ಕೊಟ್ಟರೆ ಮೂವತ್ತು ವರ್ಷ ಒಣಗಿದ ಕೆಪ್ಯಾಸಿಟರುಗಳು ಸಿಡಿಯುತ್ತವೆ. ಕೆಟ್ಟವನ್ನು ಬದಲಿಸಿ, ದಿನಕ್ಕಿಷ್ಟು ಎಂದು ವೋಲ್ಟೇಜು ಏರಿಸುತ್ತ ಹೋದೆವು. ಐದನೆಯ ದಿನ ಒಳಗಿಂದ ಗುಂಯ್ ಎಂಬ ಸದ್ದು ಬಂತು, ಗಾಜಿನ ಹತ್ತಿರ ಹಿಡಿದ ಕೈಯ ರೋಮ ನಿಮಿರಿತು. ಶಮೀಮ್ ಮೇಡಂ ಚಹಾ ತರಿಸಿದರು. ಜೀವ ಬಂದಿತ್ತು, ಆದರೆ ಚಿತ್ರವಿಲ್ಲ. ನೀನು ಯಾರು ಎಂಬ ಕಾರ್ಡಿನ ಪ್ರಶ್ನೆಗೆ ಮಾನಿಟರು ಮೌನವಾಗಿತ್ತು.

ಪ್ಲಗ್ಗನ್ನು ಭೂತಗನ್ನಡಿಯಲ್ಲಿ ನೋಡಿದಾಗ ಹನ್ನೆರಡನೆಯ ಪಿನ್ನು ಮುರಿದಿತ್ತು. ಪರದೆ ತನ್ನ ವಿವರ ಹೇಳುವುದು ಅದೊಂದು ಪಿನ್ನಿನ ಮೂಲಕ. ನಮ್ಮನೆಯಲ್ಲಿ ಯಜಮಾನನಿಂದ ಮಾನಿಟರಿನವರೆಗೆ ಎಲ್ಲರಿಗೂ ಇದೇ ರೋಗ ಎಂದೆ. ಮೇಡಂ ನಗಲಿಲ್ಲ. ಅದು ಹೇಳದಿದ್ದರೆ ಅದರ ಪರವಾಗಿ ನೀನೇ ಹೇಳು ಎಂದರು.

ಎರಡು ದಿನ ಕೂತು ಮಾನಿಟರಿನ ಸುಳ್ಳು ಪರಿಚಯಪತ್ರವೊಂದನ್ನು ಬರೆದು ಪರಿವರ್ತಕದ ಚಿಪ್ಪಿನೊಳಗೆ ಸೇರಿಸಿದೆ. ಅಗಲಕ್ಕೆ ಎಂಟುನೂರು ಚುಕ್ಕೆ, ಎತ್ತರಕ್ಕೆ ಆರುನೂರು, ಸೆಕೆಂಡಿಗೆ ಅರವತ್ತು ಸಲ. ಜಾಸ್ತಿ ಹೇಳಿದರೆ ಒಳಗಿನ ಸುರುಳಿ ಕಿರುಚಿ ಸುಟ್ಟುಹೋಗುತ್ತದೆ, ಆದ್ದರಿಂದ ಬಡಾಯಿ ಕೊಚ್ಚಲಿಲ್ಲ. ಹೆಸರಿನ ಜಾಗ ಖಾಲಿ ಬಿಡುವಂತಿರಲಿಲ್ಲ. ಸ್ವಲ್ಪ ಯೋಚಿಸಿ ಮುರಿಗೆಪ್ಪ ಎಂದು ಬರೆದೆ.

ಒಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಡು 'ಮುರಿಗೆಪ್ಪ ಸಂಪರ್ಕಕ್ಕೆ ಸಿಕ್ಕಿದೆ' ಎಂದು ತಿಳಿಸಿತು. ಕತ್ತಲೆಯ ಗಾಜು ನಡುವಿನಿಂದ ಅಂಚಿಗೆ ಮೆಲ್ಲಗೆ ಬೆಳಗಾಯಿತು. ಮೇಡಂ ಕಿಟಕಿಯ ಪರದೆ ಎಳೆದು ಕೋಣೆ ಕತ್ತಲಾಗಿಸಿ, ಕ್ಯಾಮೆರಾ ನಿಲ್ಲಿಸಿದರು. ಕಾರ್ಡು ಮೊದಲು ಗಾಜಿನ ತುಂಬ ಕೆಂಪು ಸುರಿಯಿತು, ಆಮೇಲೆ ಹಸಿರು, ಆಮೇಲೆ ನೀಲಿ. ಈ ಮಾನಿಟರುಗಳ ಗಾಜಿನ ಒಳಮೈಗೆ ಮೂರು ಬಣ್ಣದ ಪುಡಿಯ ಲೇಪವಿರುತ್ತದೆ. ಯಾವ ಬಣ್ಣದ ಪುಡಿ ಎಲ್ಲಿ ಎಷ್ಟು ಸವೆದಿದೆ ಎಂದು ಬೇರೆ ಬೇರೆಯಾಗಿ ಅಳೆಯಲು ನಾಲ್ಕು ತಾಸು ಬೇಕಾಯಿತು.

ನಕ್ಷೆ ತೋರಿಸು ಎಂದೆ. ಬೂದು ಬಣ್ಣದ ನಡುವಿನಿಂದ ಕಂಟ್ರೋಲ್ ರೂಮಿನ ಆ ಚಿತ್ರ ಎದ್ದು ಬಂತು. ಮೇಲಿನ ಗಡಿಯಾರದಲ್ಲಿ ಹತ್ತೂ ಅಂಕಿಗಳು ಒಂದರ ಮೇಲೊಂದು ಕೂತು ಚೌಕಗಳಾಗಿದ್ದವು. ನೀರಿನ ಮಟ್ಟದ ಕಂಬ ಕೆಳಗೆ ದಟ್ಟವಾಗಿ, ಮೇಲೆ ಹೋದಂತೆ ತೆಳುವಾಗಿತ್ತು, ಹನ್ನೊಂದು ವರ್ಷಗಳ ಮಳೆ ಬರಗಳ ಸರಾಸರಿ. ನಡುವೆ ಐದು ಚುಕ್ಕೆಗಳು. ಅಪ್ಪ ಹನ್ನೊಂದು ವರ್ಷ ನೋಡಿದ್ದನ್ನು ನಾನೀಗ ಅವನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೇನೆ ಅನ್ನಿಸಿತು.

ಕೆಂಪಿನ ನಕ್ಷೆ ತೆಗೆದು ನಾಲ್ಕನೆಯ ಚುಕ್ಕೆಯನ್ನು ದೊಡ್ಡದು ಮಾಡಿದೆ. ಉಳಿದ ನಾಲ್ಕರಲ್ಲಿ ಕಂಡಷ್ಟೇ ಸವಕಳಿ ಅದರಲ್ಲೂ ಇತ್ತು. ಒಂದು ಕೂದಲಷ್ಟೂ ಹೆಚ್ಚಿರಲಿಲ್ಲ. ಆಗ ನನ್ನ ಪೆದ್ದುತನ ನನಗೇ ತಿಳಿಯಿತು. ಒಂದು ಸಂಜೆ ಒಂದೆರಡು ತಾಸು ಬೆಳಗಿದ ಚುಕ್ಕೆ ಸುಮಾರು ಒಂದು ಲಕ್ಷ ತಾಸಿನ ಸವಕಳಿಯಲ್ಲಿ ಎಲ್ಲಿ ಕಾಣಬೇಕು? ಇಂಥ ಸಣ್ಣ ಲೆಕ್ಕ ಹಾಕದೆ ಒಂಬತ್ತು ದಿನ ಕಳೆದಿದ್ದೆ, ಮುದುಕನ ಹೊಟ್ಟೆ ಉರಿಸಿದ್ದೆ. ನನ್ನ ಮೇಲೆ ನನಗೇ ರೋಸಿ ಹೋಯಿತು.

ಆರಿಸಲು ಕೈ ಚಾಚಿದಾಗ ಮೇಡಂ ತಡೆದರು. ಮೂರು ಬಣ್ಣಗಳ ನಕ್ಷೆಗಳನ್ನು ಒಂದಾದ ಮೇಲೊಂದು ತೋರಿಸಲು ಹೇಳಿ, ನಾಲ್ಕನೆಯ ಚುಕ್ಕೆಯ ಮೇಲೆ ಪೆನ್ನಿನ ತುದಿ ಇಟ್ಟರು. ಸವಕಳಿಯನ್ನಷ್ಟೇ ಹುಡುಕುತ್ತಿದ್ದ ನಾನು ಗಮನಿಸದೆ ಬಿಟ್ಟಿದ್ದ, ಮಸುಕಾದ ಸಣ್ಣ ಮೊಟ್ಟೆಯಾಕಾರದ ಗುರುತೊಂದು ಅಲ್ಲಿ ಇತ್ತು. ಕೆಂಪಿನಲ್ಲೂ ಇತ್ತು, ಹಸಿರಿನಲ್ಲೂ ಇತ್ತು, ಆ ಜಾಗದಲ್ಲಿ ಎಂದೂ ಬೆಳಗದ ನೀಲಿಯಲ್ಲೂ ಅಷ್ಟೇ ಇತ್ತು.

"ಮೂರೂ ಬಣ್ಣದಾಗ ಒಂದೇ ಸಮ ಐತಿ," ಎಂದರು. "ಇದು ಒಳಗಿನ ಸವಕಳಿ ಅಲ್ಲ ನೀಲಾ. ಗಾಜಿನ ಮ್ಯಾಲೆ, ಹೊರಗಿಂದ ಆಗೇತಿ."

ದೀಪ ಹಾಕಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆವು. ಆ ಕಾಲದ ಗಾಜಿಗೆ ಬೆಳಕು ಪ್ರತಿಫಲಿಸದಂತೆ ತೆಳುವಾದ ಲೇಪ ಬಳಿಯುತ್ತಿದ್ದರು. ಆ ಮೊಟ್ಟೆಯಾಕಾರದಷ್ಟು ಜಾಗದಲ್ಲಿ ಲೇಪವನ್ನು ಏನೋ ತಿಂದಿತ್ತು. ಸುತ್ತಲೂ ಯಾರೋ ಬಟ್ಟೆಯಿಂದ ಗಸಗಸ ತಿಕ್ಕಿದ ಗೆರೆಗಳಿದ್ದವು. ಮೇಡಂ ಹತ್ತಿಯ ಕಡ್ಡಿಯಿಂದ ಅಲ್ಲಿಂದ ಒಂದಿಷ್ಟು ಒರೆಸಿ ಪಕ್ಕದ ರಸಾಯನ ವಿಭಾಗಕ್ಕೆ ತಾವೇ ಒಯ್ದರು. ಬರುವಾಗ ಮುಖದಲ್ಲಿ ಕುತೂಹಲ ಇತ್ತು. ಎಣ್ಣೆ, ಅರಿಸಿನ, ಸುಣ್ಣ. ಅಂದರೆ ಕುಂಕುಮ. ಅರಿಸಿನಕ್ಕೆ ಸುಣ್ಣ ಬೆರೆಸಿಯೇ ಕುಂಕುಮ ಮಾಡುವುದು. ಆ ಸುಣ್ಣ ಲೇಪವನ್ನು ತಿಂದಿದೆ.

ಆಗ ಎಲ್ಲವೂ ಒಮ್ಮೆಲೇ ಹೊಳೆಯಿತು. ಖಂಡೇನವಮಿ. ಬೇರೆ ಕಚೇರಿಗಳಲ್ಲಿ ಅಂದು ಯಂತ್ರ ಆರಿಸಿ ಪೂಜೆ ಮಾಡುತ್ತಾರೆ. ಗೇಟು ಕಾಯುವ ಯಂತ್ರವನ್ನು ಆರಿಸುವಂತಿಲ್ಲ, ಬೆಳಗುತ್ತಿರುವಾಗಲೇ ವಿಭೂತಿ, ಕುಂಕುಮ, ಹೂವು. ಹಚ್ಚಿದ ಕುಂಕುಮವನ್ನು ಮರುದಿನದವರೆಗೆ ಯಾರೂ ಒರೆಸುವುದಿಲ್ಲ. ಯಾರೋ ಚೌಕಟ್ಟಿಗೆ ಹಚ್ಚುವ ಬದಲು ಗಾಜಿಗೇ ಹಚ್ಚಿದ್ದಾರೆ, ಅದೂ ಸರಿಯಾಗಿ ನಾಲ್ಕನೆಯ ಗೇಟಿನ ಹಸಿರು ಚುಕ್ಕೆಯ ಮೇಲೆ. ಕಿಟಕಿಯಿಂದ ಬರುವ ಐದು ಗಂಟೆಯ ಬೆಳಕಲ್ಲಿ ಆರು ಅಡಿ ದೂರದ ಕುರ್ಚಿಯಿಂದ ನೋಡಿದವನಿಗೆ ನಾಲ್ಕು ಹಸಿರು, ಒಂದು ಕೆಂಪು.

ಅಪ್ಪ ಸುಳ್ಳು ಹೇಳಿರಲಿಲ್ಲ. ನಾನು ಕುರ್ಚಿಯಲ್ಲಿ ಕೂತು ಜೋರಾಗಿ ಅತ್ತೆ. ಇಷ್ಟು ವರ್ಷ ನಂಬದೆ ಇದ್ದುದಕ್ಕೆ ನಾಚಿಕೆ, ಇಂದಾದರೂ ತಿಳಿಯಿತೆಂಬ ಸಂತೋಷ, ಎರಡೂ ಕೂಡಿಕೊಂಡಿದ್ದವು. ಮೇಡಂ ನನ್ನನ್ನು ಅಳಲು ಬಿಟ್ಟು, ಕ್ಯಾಮೆರಾದ ಚಿತ್ರದ ಮೇಲೆ ಅಳತೆ ಹಿಡಿದರು. ಆ ಗುರುತಿನ ಅಗಲ ಎಂಟೂವರೆ ಮಿಲಿಮೀಟರ್. ತಮ್ಮ ಉಂಗುರದ ಬೆರಳನ್ನು ಗಾಜಿಗೆ ಒತ್ತಿ ಅದನ್ನೂ ಅಳೆದರು. ಹದಿಮೂರು.

"ಇದು ದೊಡ್ಡವರ ಬೆರಳಲ್ಲ," ಎಂದರು.

ಅಂದಿನ ಪೂಜೆಯ ಬಗ್ಗೆ ನನಗೆ ನೆನಪಿದ್ದದ್ದು ಹೋಳಿಗೆ, ಊದುಬತ್ತಿಯ ಹೊಗೆ, ಹೊಸ ಲಂಗ. ಇಷ್ಟೇ ಎಂದು ತಿಳಿದಿದ್ದೆ. ಮೇಡಂ ಆ ಮಾತು ಹೇಳಿದಾಗ ಇನ್ನೊಂದು ನೆನಪು ಬಂತು. ಎತ್ತರದ ಮೇಜು. ಅಪ್ಪ ನನ್ನನ್ನು ಎರಡೂ ಕೈಯಿಂದ ಎತ್ತಿ ಹಿಡಿದಿದ್ದಾನೆ. ನನ್ನ ಬೆರಳ ತುದಿಯಲ್ಲಿ ಎಣ್ಣೆಯಲ್ಲಿ ಕಲಸಿದ ಕುಂಕುಮ. ನಿನಗೆ ಚಂದ ಕಂಡಲ್ಲಿ ಹಚ್ಚು ಎನ್ನುತ್ತಿದ್ದಾನೆ. ಎದುರಿಗೆ ಐದು ಹಸಿರು ಮಣಿಗಳು ಬೆಳಗುತ್ತಿದ್ದವು. ಅಲ್ಲಿ ಅದಕ್ಕಿಂತ ಚಂದದ್ದು ಬೇರೆ ಏನೂ ಇರಲಿಲ್ಲ.

ಇಡೀ ಕ್ವಾರ್ಟರ್ಸಿನಲ್ಲಿ ಆಗ ಇದ್ದ ಮಗು ನಾನೊಬ್ಬಳೇ.

ಮೇಡಂ ಆಟೋ ಕರೆಸಿ ಕೂರಿಸಿದರು. ಮನೆಗೆ ಬರುವ ದಾರಿಯಲ್ಲಿ, ಅಪ್ಪ ಆ ಮಾನಿಟರನ್ನು ಹರಾಜಿನಲ್ಲಿ ಯಾಕೆ ಕೊಂಡ ಎಂದು ತಿಳಿಯಿತು. ಸಾಕ್ಷಿ ಎಂದು ಇಟ್ಟುಕೊಂಡಿದ್ದಾನೆ ಎಂದು ನಾನು ಭಾವಿಸಿದ್ದೆ. ಅವನು ಕೊಂಡದ್ದು ಅದು ಇನ್ನೊಬ್ಬರ ಕೈಗೆ ಸಿಗಬಾರದು ಎಂದು. ಹತ್ತಿಲ್ಲ ಎಂದಾಗ ಸಣ್ಣಗಾಗುತ್ತಿದ್ದ ದನಿ ಬೇಜಾರಿನದಲ್ಲ, ಸಮಾಧಾನದ್ದು.

ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನ ಮುಖ ನೋಡಿದವನು ಅಂದು ಹತ್ತಿತೇನು ಎಂದು ಕೇಳಲಿಲ್ಲ. ನಾನೇ ಹೇಳಿದೆ, ಹತ್ತಿತು, ನೀನು ಕೆಂಪು ನೋಡಿದ್ದು ನಿಜ ಎಂದು. ಅವನು ತನ್ನ ಅಂಗೈ ನೋಡಿಕೊಂಡ.

"ಮತ್ತೇನರ ಕಂಡತೇನು?"

ಇಲ್ಲ ಎನ್ನಬಹುದಿತ್ತು. ಎಪ್ಪತ್ತೆರಡು ವರ್ಷದವನು ಅದನ್ನೇ ಕೇಳಲು ಕಾದಿದ್ದ. ಆದರೆ ಮಾತಾಡದೆ ಇರುವ ರೋಗ ನನ್ನವರೆಗೂ ಬರುವುದು ಬೇಡ ಅನ್ನಿಸಿತು.

"ನನ್ನ ಬೆರಳು ಕಂಡತು," ಎಂದೆ.

ಅಪ್ಪ ಕಣ್ಣು ಮುಚ್ಚಿದ. ಆಮೇಲೆ ಒಂದೊಂದೇ ಮಾತಾಗಿ ಎಲ್ಲವನ್ನೂ ಹೇಳಿದ. ಮರುದಿನ ಪೊಲೀಸರು ಬರುವ ಮೊದಲು ಮೂಡಣ ಕಿಟಕಿಯ ಬಿಸಿಲು ಗಾಜಿನ ಮೇಲೆ ಬಿದ್ದಿತ್ತಂತೆ. ಕೆಂಪು ಚುಕ್ಕೆ ಒಣಗಿ ಬಿರಿದಿತ್ತು, ಅದರ ಅಂಚಿನಿಂದ ಹಸಿರು ಇಣುಕುತ್ತಿತ್ತು. ಗುರುತು ಎಷ್ಟು ಸಣ್ಣದೆಂದು ನೋಡಿದ ಕೂಡಲೇ ಯಾರದೆಂದು ಗೊತ್ತಾಯಿತು. ಟವೆಲ್ಲಿಗೆ ಸ್ಪಿರಿಟ್ ಹಾಕಿ ತಿಕ್ಕಿದ. ಕುಂಕುಮ ಹೋಯಿತು, ಓರೆಯಾಗಿ ನೋಡಿದರೆ ಕಾಣುವ ಕಲೆ ಹೋಗಲಿಲ್ಲ. ಅರ್ಧ ಕಿಲೋಮೀಟರ್ ನಡೆದು ಗೇಟನ್ನೇ ನೋಡಿ ಬರಬೇಕಿತ್ತು, ಅದು ತನ್ನ ತಪ್ಪೇ, ಆ ಶಿಕ್ಷೆ ತನಗೆ ಸಲ್ಲಬೇಕಾದದ್ದೇ ಎಂದ.

ಹಾಗಾದರೆ ಕುಂಕುಮದ ವಿಷಯವನ್ನಾದರೂ ಹೇಳಬಾರದಿತ್ತೇ ಎಂದು ಕೇಳಿದೆ. ಹಚ್ಚಿದವರು ಯಾರು ಎಂಬುದು ಮುಂದಿನ ಪ್ರಶ್ನೆಯಾಗುತ್ತಿತ್ತು ಎಂದ.

"ಪಂಚನಾಮೆದಾಗ ಎಂಟು ವರ್ಷದ ಕೂಸಿನ ಹೆಸರು ಬರಸಬೇಕಿತ್ತೇನು? ಊರಾಗ ನನ್ನ 'ಕೆಂಪು ಕಂಡಾವ' ಅಂದ್ರು, ಅಂದುಕೊಳ್ಳಲಿ ಬಿಡು. ನಿನಗ ಏನಂತಿದ್ರು?"

ಅವನ ಹತ್ತಿರ ಕೂತು ಅವನ ತೋಳಿಗೆ ಹಣೆ ಆನಿಸಿದೆ. ನನ್ನ ಒಂದು ಬೆರಳಿನಿಂದ ಒಬ್ಬ ಮನುಷ್ಯ ಸತ್ತ, ಇನ್ನೊಬ್ಬನ ಮರ್ಯಾದೆ ಹೋಯಿತು. ಹಾಗೆ ಯೋಚಿಸಬೇಡ ಎಂದು ಯಾರು ಹೇಳಿದರೂ ಯೋಚನೆ ಬಂದೇ ಬರುತ್ತದೆ. ಆದರೆ ಯಲ್ಲವ್ವ ನಮ್ಮ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗೆ ಈಗ ಉತ್ತರವಿತ್ತು. ಅದನ್ನು ಮತ್ತೆ ಸೀರೆಯಲ್ಲಿ ಸುತ್ತಿ ಸಜ್ಜಾದ ಮೇಲಿಡಲು ನನಗೆ ಮನಸ್ಸಾಗಲಿಲ್ಲ.

ಕಾರ್ಡು ಹಿಂದಿರುಗಿಸಲು ಆರು ದಿನ ಉಳಿದಿತ್ತು. ಮೇಡಂ ಮೂರು ಬಣ್ಣಗಳ ನಕ್ಷೆಗಳನ್ನು ಕಾಗದದ ಮೇಲೆ ಅಚ್ಚು ಮಾಡಿಸಿ ಕೊಟ್ಟರು. ನಾನು ಒಂದು ಪುಟದ ವರದಿ ಬರೆದೆ, ಸೈರನ್ ಯಾಕೆ ಹೊಡೆಯಲಿಲ್ಲ ಎಂಬುದೇ ಅದರ ತಲೆಬರಹ. ಏನಾಯಿತು ಎಂಬುದನ್ನು ಯಾರಿಗಾದರೂ ತಿಳಿಯುವ ಹಾಗೆ ಬರೆದು, ಕೊನೆಗೆ ಹೀಗೆ ಸೇರಿಸಿದೆ: ಪರದೆಗೆ ಕುಂಕುಮ ಹಚ್ಚಿದವರು, ನೀಲಗಂಗಾ ಮುರಿಗೆಪ್ಪ ಅಂಗಡಿ, ಆಗಿನ ವಯಸ್ಸು ಎಂಟು.

ಅಪ್ಪನಿಗೆ ಓದಲು ಕೊಟ್ಟೆ. ಹರಿದು ಹಾಕುತ್ತಾನೇನೋ ಎಂದುಕೊಂಡಿದ್ದೆ. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಪೆನ್ನು ಕೇಳಿದ. ನನ್ನ ಹೆಸರಿನ ಕೆಳಗೆ, ಲಾಗ್ ಪುಸ್ತಕದಲ್ಲಿ ಬರೆಯುತ್ತಿದ್ದ ಅದೇ ದುಂಡನೆಯ ಅಕ್ಷರಗಳಲ್ಲಿ ಇನ್ನೊಂದು ಸಾಲು ಬರೆದ: ಅವಳನ್ನು ಎತ್ತಿ ಹಿಡಿದು, ಎಲ್ಲಿ ಹಚ್ಚಿದಳೆಂದು ನೋಡದೆ ಇಂಜಿನಿಯರರ ಜೊತೆ ಮಾತಾಡುತ್ತ ನಿಂತಿದ್ದವರು, ಮುರಿಗೆಪ್ಪ ಅಂಗಡಿ, ಗೇಟ್ ಆಪರೇಟರ್.

ಮರುದಿನ ಮೊದಲ ಬಸ್ಸಿಗೆ ಕಾಗಿಹಳ್ಳಕ್ಕೆ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟಿದ್ದ. ಯಲ್ಲವ್ವನಿಗೆ ಈಗ ಐವತ್ತು ದಾಟಿದೆ. ಬಾಗಿಲು ತೆರೆದವಳು ಅಪ್ಪನನ್ನು ತಕ್ಷಣ ಗುರುತಿಸಿದಳು. ಓದು ಬರುವುದಿಲ್ಲ ಎಂದಾಗ ವರದಿಯನ್ನು ನಾನೇ ಓದಿ ಹೇಳಿದೆ, ನಕ್ಷೆ ತೋರಿಸಿದೆ. ಅವಳು ಐದು ಚುಕ್ಕೆಗಳನ್ನು ನೋಡಿ, ನಾಲ್ಕನೆಯದರ ಮೇಲಿದ್ದ ಗುರುತನ್ನು ತಡವಿ, ನನ್ನ ಬಲಗೈ ತೆಗೆದುಕೊಂಡು ಉಂಗುರದ ಬೆರಳನ್ನು ಹಿಡಿದು ನೋಡಿದಳು. ಕೈ ಬಿಟ್ಟು ಅಪ್ಪನ ಕಡೆ ತಿರುಗಿದಳು.

"ನನ್ನ ಗಂಡ ಕುಡದು ಮಲಗಿದ್ದ, ನೀರು ಬಂದದ್ದು ತಿಳೀಲಿಲ್ಲ ಅಂತ ಊರ ಮಂದಿ ಅಂದ್ರು. ಸೈರನ್ ಇಲ್ಲದಿದ್ರೂ ಉಳಿದ ಇಬ್ಬರು ದಡ ಹತ್ತಿದ್ರಲ್ಲ, ಅವನಿಗಷ್ಟ ಯಾಕ ಆಗಲಿಲ್ಲ ಅಂದ್ರು. ಮೂವತ್ತು ವರ್ಷ ನಾನೂ ಅದನ್ನ ಕೇಳಕೋತ ಬಂದೆ. ಅವತ್ತ ಹೇಳಬಾರದಿತ್ತೇನ್ರಿ ಇದನ್ನ?"

ತನ್ನ ಮೌನ ಇನ್ನೊಂದು ಮನೆಯಲ್ಲಿ ಏನು ಮಾಡಿತು ಎಂದು ಅಪ್ಪ ಎಂದೂ ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ. ಅವನು ಅಂದಿನ ಹಾಗೆಯೇ ತಲೆ ತಗ್ಗಿಸಿ ನಿಂತ. ಹೇಳಬೇಕಿತ್ತು ತಾಯಿ ಎಂದ.

ಯಲ್ಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಒಳಗ ಬರ್ರಿ," ಎಂದಳು. "ಕುಂತು, ಮೊದಲಿಂದ ಹೇಳ್ರಿ."